ಗಣಕಜಾಲದ ದಟ್ಟಣೆ: ದಾರಿ ಬಿಟ್ಟುಕೊಡುವ ಲೆಕ್ಕ

ಮೈಸೂರಿನ ಯಾದವಗಿರಿ ಎಂದೊಡನೆ ಬಹಳ ಜನರಿಗೆ ಮೊದಲು ನೆನಪಾಗುವುದು ಆಕಾಶವಾಣಿ ನಿಲಯ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಬಾನುಲಿ ಪ್ರಸಾರ ಆರಂಭಿಸಿದ್ದು ಈಗಿನ ನಿಲಯದಿಂದ ಕೆಲವೇ ನೂರು ಗಜಗಳ ದೂರದಲ್ಲಿ. ಆ ಪ್ರಸಾರಕ್ಕೆ ಒಂದು ದೊಡ್ಡ ಅನುಕೂಲವಿತ್ತು. ಕೇಳುವವರು ಹತ್ತು ಮಂದಿಯಿದ್ದರೂ ಒಂದೇ, ಹತ್ತು ಸಾವಿರ ಮಂದಿಯಿದ್ದರೂ ಒಂದೇ. ಹೊಸದಾಗಿ ಒಬ್ಬರು ರೇಡಿಯೋ ಹಚ್ಚಿದರೆಂದು ಪಕ್ಕದ ಮನೆಯವರ ಹಾಡು ನಿಲ್ಲುತ್ತಿರಲಿಲ್ಲ.

ಇಂದು ಇದೇ ಬಡಾವಣೆಯ ಮನೆಗಳಿಗೆ ಹಾಡು, ಚಲನಚಿತ್ರ, ಮಕ್ಕಳ ಪಾಠ, ಬ್ಯಾಂಕಿನ ವ್ಯವಹಾರ ಎಲ್ಲವೂ ಗಣಕಜಾಲದ ಮೂಲಕ ಬರುತ್ತಿವೆ. ಬಾನುಲಿಗಿದ್ದ ಅನುಕೂಲ ಇಲ್ಲಿಲ್ಲ. ಒಂದೇ ಹಾಡನ್ನು ನೂರು ಜನ ತಮ್ಮ ತಮ್ಮ ಮೊಬೈಲಿನಲ್ಲಿ ಕೇಳತೊಡಗಿದರೆ ಸಾಮಾನ್ಯವಾಗಿ ಅದರ ನೂರು ಪ್ರತಿಗಳು ಬೇರೆ ಬೇರೆಯಾಗಿ ಹೊರಡುತ್ತವೆ. ಅವೆಲ್ಲ ಸಾಗಬೇಕಾದ ತಂತಿಗಳ ಸಾಮರ್ಥ್ಯಕ್ಕೆ ಮಿತಿಯಿದೆ. ಆದರೂ ರಾತ್ರಿ ಎಂಟರ ಹೊತ್ತಿಗೆ ಎಲ್ಲರೂ ಒಟ್ಟಿಗೆ ಪರದೆಯ ಮುಂದೆ ಕುಳಿತರೆ ಜಾಲ ಕುಸಿದು ಬೀಳುವುದಿಲ್ಲ. ಬಹಳವೆಂದರೆ ಸ್ವಲ್ಪ ನಿಧಾನವಾಗುತ್ತದೆ. ವೃತ್ತದಲ್ಲಿ ನಿಂತು ಕೈಬೀಸುವ ಪೊಲೀಸ್ ಅಲ್ಲಿಲ್ಲ. ಹಾಗಾದರೆ ಈ ಸಂಚಾರವನ್ನು ಹತೋಟಿಯಲ್ಲಿಡುವವರು ಯಾರು?

ಮಾಹಿತಿ ಕಳುಹಿಸುವ ಗಣಕಗಳೇ ಎಂಬುದು ಇದಕ್ಕೆ ಉತ್ತರ. ದಾರಿ ತುಂಬಿದೆಯೆಂಬ ಸುಳಿವು ಸಿಕ್ಕೊಡನೆ ಅವು ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಯಾರೂ ಆಜ್ಞೆ ಮಾಡುವುದಿಲ್ಲ, ದಂಡವೂ ಇಲ್ಲ. ‘ದಟ್ಟಣೆ ನಿಯಂತ್ರಣ’ ಎಂದು ಕರೆಯುವ ಈ ವಿದ್ಯೆಗೆ ಈಗಿನ ರೂಪ ಬಂದದ್ದು 1980ರ ದಶಕದಲ್ಲಿ. ಅದರ ಹಿಂದಿನ ಗಣಿತಕ್ಕೂ ನಮ್ಮ ಬೆಂಗಳೂರಿಗೂ ಒಂದು ನಂಟಿದೆ.

ಟೋಕನ್ ಮತ್ತು ‘ಎಂಗೇಜ್’ ಸದ್ದು

ದಟ್ಟಣೆಯ ಸಮಸ್ಯೆ ಗಣಕಗಳಿಗಿಂತ ಹಳೆಯದು. ಯಾದವಗಿರಿಗೆ ಹತ್ತಿರದ ಮೈಸೂರು ನಿಲ್ದಾಣಕ್ಕೆ ಬೆಂಗಳೂರಿನಿಂದ ರೈಲು ಬಂದದ್ದು 1882ರಲ್ಲಿ. ಅಲ್ಲಿಂದ ನೂರು ವರ್ಷಕ್ಕೂ ಮಿಕ್ಕಿ ಈ ಮಾರ್ಗದ ಬಹುಭಾಗ ಒಂಟಿ ಹಳಿಯದೇ ಆಗಿತ್ತು. ಒಂಟಿ ಹಳಿಯ ಮೇಲೆ ಎರಡು ಗಾಡಿಗಳು ಎದುರುಬದುರಾಗದಂತೆ ನೋಡಿಕೊಳ್ಳಲು ರೈಲ್ವೆಯವರು ಕಂಡುಕೊಂಡಿದ್ದ ಉಪಾಯಗಳಲ್ಲಿ ಟೋಕನ್ ಒಂದು. ಎರಡು ನಿಲ್ದಾಣಗಳ ನಡುವಿನ ಹಳಿಗೆ ಒಂದು ಸಲಕ್ಕೆ ಒಂದೇ ಟೋಕನ್ ಯಂತ್ರದಿಂದ ಹೊರಬರುತ್ತಿತ್ತು. ದೊಡ್ಡ ಬಳೆಯಂಥ ಸಾಧನಕ್ಕೆ ಸಿಕ್ಕಿಸಿದ ಟೋಕನನ್ನು ಚಾಲಕರು ನಿಧಾನವಾಗಿ ಓಡುವ ಗಾಡಿಯಿಂದಲೇ ಕೈಚಾಚಿ ಪಡೆಯುತ್ತಿದ್ದ ದೃಶ್ಯ ಹಳಬರಿಗೆ ನೆನಪಿರಬಹುದು. ಟೋಕನ್ ಕೈಗೆ ಬಾರದೆ ಗಾಡಿ ಮುಂದೆ ಹೋಗುವಂತಿರಲಿಲ್ಲ.

ದೂರವಾಣಿಯವರ ದಾರಿ ಬೇರೆ. ಹಳೆಯ ದೂರವಾಣಿಯಲ್ಲಿ ಇಬ್ಬರು ಮಾತಾಡಬೇಕಾದರೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅವರಿಗೆಂದೇ ಒಂದು ಹಾದಿಯನ್ನು ಮೀಸಲಿಡಬೇಕಾಗಿತ್ತು. ಮಾತು ನಿಂತರೂ ರಿಸೀವರ್ ಕೆಳಗಿಡುವವರೆಗೆ ಅದು ಅವರದೇ. ಎಲ್ಲ ಹಾದಿಗಳೂ ತುಂಬಿದಾಗ ಹೊಸಬರಿಗೆ ಕೇಳಿಸುತ್ತಿದ್ದುದು ‘ಎಂಗೇಜ್’ ಸದ್ದು. ಒಳಗಿರುವವರಿಗೆ ತೊಂದರೆಯಿಲ್ಲ, ಹೊರಗಿನವರಿಗೆ ಪ್ರವೇಶವಿಲ್ಲ.

ಗಣಕಗಳ ಮಾತುಕತೆಗೆ ಈ ಎರಡು ಕ್ರಮಗಳೂ ಸರಿಹೊಂದಲಿಲ್ಲ. ಗಣಕ ಒಂದೇ ಸಮನೆ ಮಾತಾಡುವುದಿಲ್ಲ. ಒಂದು ಕ್ಷಣ ರಾಶಿ ಮಾಹಿತಿ ಸುರಿದು ಮುಂದಿನ ಹತ್ತು ಕ್ಷಣ ಸುಮ್ಮನಿರುತ್ತದೆ. ಅದಕ್ಕೆಂದು ಒಂದು ಹಾದಿಯನ್ನು ಕಾದಿರಿಸಿದರೆ ಹೆಚ್ಚು ಹೊತ್ತು ಆ ಹಾದಿ ಖಾಲಿ ಬಿದ್ದಿರುತ್ತದೆ. ಆದ್ದರಿಂದ ಮಾಹಿತಿಯನ್ನು ಸಣ್ಣ ಪೊಟ್ಟಣಗಳಾಗಿ ಕತ್ತರಿಸಿ, ಎಲ್ಲರ ಪೊಟ್ಟಣಗಳನ್ನೂ ಒಂದೇ ದಾರಿಯಲ್ಲಿ ಬೆರೆಸಿ ಕಳುಹಿಸುವ ಕ್ರಮ 1960ರ ದಶಕದಲ್ಲಿ ರೂಪುಗೊಂಡಿತು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಬ್ರಿಟನ್ನಿನ ಡೊನಾಲ್ಡ್ ಡೇವಿಸ್ 1972ರಲ್ಲಿ ದಟ್ಟಣೆಗೆ ಸೂಚಿಸಿದ ಮದ್ದು ರೈಲಿನ ಟೋಕನಿಗೆ ಬಹಳ ಹತ್ತಿರದ್ದು. ಇಡೀ ಜಾಲದಲ್ಲಿ ಇಂತಿಷ್ಟೇ ಪರವಾನಗಿಗಳು ಸುತ್ತುತ್ತಿರಬೇಕು, ಪರವಾನಗಿ ಸಿಕ್ಕ ಪೊಟ್ಟಣ ಮಾತ್ರ ಒಳಗೆ ಹೋಗಬೇಕು ಎಂಬುದು ಆ ಸಲಹೆ. ಆದರೆ ಬೇಡವಾದ ಕಡೆ ಪರವಾನಗಿಗಳು ರಾಶಿ ಬಿದ್ದು ಬೇಕಾದ ಕಡೆ ಸಿಗದೆ ಹೋಗಬಹುದು. ಸಾವಿರಾರು ಒಡೆತನಗಳ ಜಾಲಗಳು ಸೇರಿ ಆದ ಅಂತರಜಾಲದಲ್ಲಿ ಅವುಗಳನ್ನು ಎಣಿಸಿ ಕಾಯುವ ಸ್ಟೇಷನ್ ಮಾಸ್ತರನೂ ಇಲ್ಲ.

ಪೊಟ್ಟಣ ಮತ್ತು ಸ್ವೀಕೃತಿ

ಪೊಟ್ಟಣಗಳ ಪಯಣದ ಕ್ರಮ ಸರಳವಾಗಿದೆ. ದಾರಿಯುದ್ದಕ್ಕೂ ರೂಟರ್ ಎಂಬ ಯಂತ್ರಗಳಿರುತ್ತವೆ. ಪೊಟ್ಟಣದ ಮೇಲಿನ ವಿಳಾಸ ನೋಡಿ ಅದನ್ನು ಮುಂದಿನ ದಾರಿಗೆ ಹಾಕುವುದು ಅವುಗಳ ಕೆಲಸ. ಮುಂದಿನ ದಾರಿ ಬಿಡುವಿಲ್ಲದಿದ್ದರೆ ಪೊಟ್ಟಣ ರೂಟರಿನ ಸರದಿಯಲ್ಲಿ ಕಾಯುತ್ತದೆ. ಸರದಿಯೂ ತುಂಬಿಹೋಗಿದ್ದರೆ ರೂಟರ್ ಅದನ್ನು ಬಿಸುಡುತ್ತದೆ. ಕಳುಹಿಸಿದವರಿಗೆ ಕ್ಷಮಾಪಣೆ ಕೇಳುವ ಪದ್ಧತಿ ಇಲ್ಲ.

ಹಾಗೆ ಕಳೆದುಹೋದದ್ದನ್ನು ತುಂಬಿಕೊಡುವ ಹೊಣೆ ತುದಿಯ ಗಣಕಗಳದ್ದು. ಅಮೆರಿಕದ ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ 1974ರಲ್ಲಿ ಪ್ರಕಟಿಸಿದ ವಿಚಾರದಿಂದ ಬೆಳೆದು ಬಂದ ‘ಟಿಸಿಪಿ’ ಎಂಬ ನಿಯಮಾವಳಿ ಇದನ್ನು ನೋಡಿಕೊಳ್ಳುತ್ತದೆ. ಅಂದಿನ ಆರ್ಪಾನೆಟ್ ಜಾಲ ಇದಕ್ಕೆ ಬದಲಾದದ್ದು 1983ರ ಜನವರಿ 1ರಂದು. ಇದರಲ್ಲಿ ಪೊಟ್ಟಣಗಳಿಗೆ ಕ್ರಮಸಂಖ್ಯೆ ಇರುತ್ತದೆ. ರಿಜಿಸ್ಟರ್ ಮಾಡಿದ ಲಕೋಟೆಗೆ ಸಹಿ ಹಾಕಿಸಿಕೊಂಡು ಹಿಂದಿರುಗುತ್ತಿದ್ದ ಅಂಚೆಯ ಕಾರ್ಡಿನಂತೆ, ತಲುಪಿದ ಪೊಟ್ಟಣಗಳಿಗೆ ಸ್ವೀಕೃತಿ ವಾಪಸು ಬರುತ್ತದೆ. ನಿಗದಿತ ಹೊತ್ತಿನಲ್ಲಿ ಸ್ವೀಕೃತಿ ಬಾರದಿದ್ದರೆ ಕಳುಹಿಸಿದ ಗಣಕ ಅದೇ ಪೊಟ್ಟಣವನ್ನು ಮತ್ತೆ ಕಳುಹಿಸುತ್ತದೆ.

ಅಪಾಯ ಅಡಗಿದ್ದದ್ದು ಈ ಕೊನೆಯ ಮಾತಿನಲ್ಲೇ. ಪೊಟ್ಟಣ ಕಳೆದುಹೋಗಿರದೆ ಸರದಿಯಲ್ಲಿ ಕಾಯುತ್ತಿದ್ದರೆ? ಕಳುಹಿಸಿದವರಿಗೆ ಅದು ತಿಳಿಯುವುದಿಲ್ಲ. ಮತ್ತೊಂದು ಪ್ರತಿ ಹೊರಡುತ್ತದೆ, ಸರದಿ ಇನ್ನೂ ಬೆಳೆಯುತ್ತದೆ. ಕಾಗದಕ್ಕೆ ಉತ್ತರ ಬರಲಿಲ್ಲವೆಂದು ಊರಿನವರೆಲ್ಲ ದಿನವೂ ಅದೇ ಕಾಗದವನ್ನು ಬರೆದು ಅಂಚೆಗೆ ಹಾಕತೊಡಗಿದರೆ ಏನಾದೀತು? ಅಂಚೆಯವನ ಚೀಲದ ತುಂಬ ಹಳೆಯ ಕಾಗದದ ನಕಲುಗಳೇ ಇರುತ್ತವೆ. ಆತ ಬೆವರು ಸುರಿಸಿ ದುಡಿದರೂ ಹೊಸ ಸುದ್ದಿ ಒಂದೂ ತಲುಪುವುದಿಲ್ಲ. ಅಮೆರಿಕದ ಫೋರ್ಡ್ ಏರೋಸ್ಪೇಸ್ ಸಂಸ್ಥೆಯಲ್ಲಿದ್ದ ಜಾನ್ ನೇಗಲ್ 1984ರಲ್ಲೇ ಈ ಅಪಾಯವನ್ನು ವಿವರಿಸಿ ಅದಕ್ಕೆ ‘ದಟ್ಟಣೆಯ ಕುಸಿತ’ ಎಂದು ಹೆಸರಿಟ್ಟಿದ್ದರು.

ನಾನೂರು ಗಜಗಳ ನಡುವೆ

ಎರಡೇ ವರ್ಷದಲ್ಲಿ ಆ ಮಾತು ನಿಜವಾಯಿತು. ಕ್ಯಾಲಿಫೋರ್ನಿಯಾದಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ದೂರ ಸುಮಾರು 400 ಗಜ. ಅವುಗಳ ನಡುವಿನ ಜಾಲಮಾರ್ಗದಲ್ಲಿ ಸೆಕೆಂಡಿಗೆ 32,000 ಬಿಟ್‌ಗಳಷ್ಟು ಮಾಹಿತಿ ಹರಿಯುತ್ತಿತ್ತು. 1986ರ ಅಕ್ಟೋಬರಿನಲ್ಲಿ ಅದು ಇದ್ದಕ್ಕಿದ್ದಂತೆ ಸೆಕೆಂಡಿಗೆ 40 ಬಿಟ್‌ಗಳಿಗೆ ಇಳಿಯಿತು.

ಈ ಇಳಿತ ಎಷ್ಟು ದೊಡ್ಡದೆಂದು ತಿಳಿಯಲು ಒಂದು ಲೆಕ್ಕ ಮಾಡಬಹುದು. ಇಂದು ಗಣಕಗಳಲ್ಲಿ ಬಳಕೆಯಲ್ಲಿರುವ ಯೂನಿಕೋಡ್ ಪದ್ಧತಿಯಲ್ಲಿ ‘ಯಾದವಗಿರಿ’ ಎಂಬ ಪದಕ್ಕೆ ಸಾಮಾನ್ಯವಾಗಿ 192 ಬಿಟ್‌ಗಳು ಬೇಕು. ಮೊದಲಿನ ವೇಗದಲ್ಲಿ ಆ ಪದ ಸೆಕೆಂಡಿನ ನೂರನೆಯ ಒಂದು ಭಾಗದೊಳಗೆ ದಾಟುತ್ತಿತ್ತು. ಕುಸಿದ ವೇಗದಲ್ಲಿ ಅದೊಂದೇ ಪದಕ್ಕೆ ಸುಮಾರು ಐದು ಸೆಕೆಂಡು ಬೇಕು. ನಡೆದುಕೊಂಡು ಹೋಗಿ ಕಾಗದ ಕೊಟ್ಟು ಬರುವುದೇ ಮೇಲು ಎಂಬ ಸ್ಥಿತಿ.

ತಂತಿ ಹರಿದಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ಎಲ್ಲ ಗಣಕಗಳೂ ನಿಯಮದಂತೆ ಕೆಲಸ ಮಾಡುತ್ತಿದ್ದವು, ಕೆಟ್ಟಿದ್ದದ್ದು ನಿಯಮವೇ. ಪ್ರಯೋಗಾಲಯದಲ್ಲಿದ್ದ ವ್ಯಾನ್ ಜೇಕಬ್‌ಸನ್ ವಿಶ್ವವಿದ್ಯಾಲಯದ ಮೈಕೆಲ್ ಕೆರಲ್ಸ್ ಅವರೊಂದಿಗೆ ಸೇರಿ ಇದರ ಮೂಲ ಹುಡುಕಿದರು. 1988ರಲ್ಲಿ ಜೇಕಬ್‌ಸನ್ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದ ಮೈಲಿಗಲ್ಲು.

ಒಳಗಿರುವ ಒಂದು ಪೊಟ್ಟಣ ಹೊರಬಿದ್ದ ಮೇಲೆಯೇ ಇನ್ನೊಂದನ್ನು ಒಳಗೆ ಹಾಕಬೇಕು ಎಂಬುದು ಅದರ ತಿರುಳು. ಹೊರಬಿದ್ದದ್ದಕ್ಕೆ ಸ್ವೀಕೃತಿಯೇ ಸಾಕ್ಷಿ. ಹೊಸ ಸಂಪರ್ಕ ಆರಂಭವಾದಾಗ ಗಣಕ ಒಂದೇ ಪೊಟ್ಟಣ ಕಳುಹಿಸಿ ನೋಡುತ್ತದೆ. ಸ್ವೀಕೃತಿ ಬಂದರೆ ಎರಡು, ನಂತರ ನಾಲ್ಕು, ಎಂಟು. ಹೀಗೆ ದಾರಿಯ ಅಳತೆ ಸಿಗುವವರೆಗೆ ದ್ವಿಗುಣಗೊಳ್ಳುವ ಈ ಕ್ರಮಕ್ಕೆ ‘ನಿಧಾನ ಆರಂಭ’ ಎಂದು ಹೆಸರು. ಒಮ್ಮೆಲೇ ದಾರಿ ತುಂಬುವಷ್ಟು ಸುರಿಯುವ ಹಳೆಯ ಅಭ್ಯಾಸಕ್ಕೆ ಹೋಲಿಸಿದರೆ ಇದು ನಿಧಾನವೇ ಸರಿ. ಪೊಟ್ಟಣ ಕಳೆದುಹೋಯಿತೆಂದರೆ ದಾರಿ ತುಂಬಿದೆಯೆಂದೇ ಅರ್ಥ ಮಾಡಿಕೊಳ್ಳಬೇಕು, ಕೂಡಲೇ ವೇಗವನ್ನು ಅರ್ಧಕ್ಕೆ ಇಳಿಸಬೇಕು. ಬಳಿಕ ಒಂದೊಂದೇ ಪೊಟ್ಟಣವನ್ನು ಹೆಚ್ಚಿಸುತ್ತ ಮೇಲೇರಬೇಕು.

ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದಿದವರು

ಏರುವಾಗ ಒಂದೊಂದೇ, ಇಳಿಯುವಾಗ ಅರ್ಧಕ್ಕರ್ಧ. ಯಾಕೆ ಹೀಗೆ? ಏರುವಂತೆಯೇ ಒಂದೊಂದಾಗಿ ಇಳಿದರೆ ಸಾಲದೇ? ಈ ಪ್ರಶ್ನೆಗೆ ಗಣಿತದ ಉತ್ತರ ಕೊಟ್ಟವರು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿ ಕೆಲಸ ಮಾಡುತ್ತಿದ್ದ ತಂಡದವರು. ಆ ತಂಡದ ರಾಜ್ ಜೈನ್ ಮತ್ತು ಕೆ.ಕೆ. ರಾಮಕೃಷ್ಣನ್ ಇಬ್ಬರೂ 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿದವರು. ಮೈಸೂರು ಸಂಸ್ಥಾನ ಕೊಟ್ಟ ನೆಲದಲ್ಲಿ 1909ರಲ್ಲಿ ಸ್ಥಾಪನೆಯಾಗಿ, ಜನರ ಬಾಯಲ್ಲಿ ‘ಟಾಟಾ ಇನ್‌ಸ್ಟಿಟ್ಯೂಟ್’ ಆಗಿಯೇ ಉಳಿದ ಸಂಸ್ಥೆ ಅದು.

ಡಾ-ಮಿಂಗ್ ಚಿಯು ಅವರೊಂದಿಗೆ ಜೈನ್ 1989ರಲ್ಲಿ ಪ್ರಕಟಿಸಿದ ಪ್ರಬಂಧದ ಸಾರವನ್ನು ಸಣ್ಣ ಲೆಕ್ಕದಲ್ಲಿ ಹೇಳಬಹುದು. ಒಂದು ದಾರಿಯಲ್ಲಿ ಒಟ್ಟು 100 ಪೊಟ್ಟಣಗಳಿಗೆ ಜಾಗವಿದೆ ಎಂದುಕೊಳ್ಳೋಣ. ಬಳಸುವವರು ಇಬ್ಬರು. ಮೊದಲೇ ಬಂದವರು 80 ಹಿಡಿದಿದ್ದಾರೆ, ತಡವಾಗಿ ಬಂದವರಿಗೆ ಸಿಕ್ಕಿದ್ದು 20. ಅಂತರ 60. ದಾರಿ ತುಂಬಿತೆಂಬ ಸುಳಿವು ಇಬ್ಬರಿಗೂ ಸಿಗುತ್ತದೆ. ಇಬ್ಬರೂ ಹತ್ತು ಹತ್ತು ಬಿಟ್ಟುಕೊಟ್ಟರೆ 70 ಮತ್ತು 10 ಉಳಿಯುತ್ತವೆ. ಅಂತರ ಆಗಲೂ 60. ಮತ್ತೆ ಇಬ್ಬರೂ ಹತ್ತು ಹತ್ತು ಏರಿದರೆ ಮೊದಲಿದ್ದ ಜಾಗಕ್ಕೇ ಬಂದು ನಿಲ್ಲುತ್ತಾರೆ. ಎಷ್ಟು ಸಲ ಏರಿಳಿದರೂ ಬಲ್ಲಿದ ಬಲ್ಲಿದನೇ, ಬಡವ ಬಡವನೇ.

ಇಬ್ಬರೂ ತಮ್ಮ ಪಾಲಿನ ಅರ್ಧವನ್ನು ಬಿಟ್ಟುಕೊಟ್ಟರೆ? 80 ಇದ್ದವರು 40ಕ್ಕೆ, 20 ಇದ್ದವರು 10ಕ್ಕೆ ಬರುತ್ತಾರೆ. ಅಂತರ 30ಕ್ಕೆ ಇಳಿಯಿತು. ಈಗ ಖಾಲಿಯಿರುವ 50ರ ಜಾಗವನ್ನು ಇಬ್ಬರೂ ಒಂದೊಂದಾಗಿ ಸಮನಾಗಿ ತುಂಬುತ್ತ ಹೋದರೆ 65 ಮತ್ತು 35 ಆಗುತ್ತದೆ. ಮತ್ತೆ ದಾರಿ ತುಂಬಿತು, ಮತ್ತೆ ಅರ್ಧ. ಅಂತರ 15. ಮುಂದಿನ ಸುತ್ತಿನಲ್ಲಿ ಏಳೂವರೆ. ಹೀಗೆ ಪ್ರತಿ ಸಲವೂ ಅಂತರ ಅರ್ಧವಾಗುತ್ತ ಕೊನೆಗೆ ಇಬ್ಬರೂ 50ರ ಆಸುಪಾಸಿಗೆ ಬಂದು ನಿಲ್ಲುತ್ತಾರೆ. ಹೆಚ್ಚು ಇದ್ದವರು ಹೆಚ್ಚು ಬಿಡುತ್ತಾರೆ, ಗಳಿಸುವಾಗ ಮಾತ್ರ ಇಬ್ಬರಿಗೂ ಸಮಪಾಲು. ನ್ಯಾಯ ಹುಟ್ಟಿದ್ದು ಈ ವ್ಯತ್ಯಾಸದಿಂದ.

ಇಬ್ಬರೂ ಒಬ್ಬರೊಡನೊಬ್ಬರು ಮಾತಾಡಿಲ್ಲ, ದಾರಿಯಲ್ಲಿ ಇನ್ನೊಬ್ಬರಿದ್ದಾರೆ ಎಂಬುದೂ ಅವರಿಗೆ ಗೊತ್ತಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಪಂಚಾಯಿತಿ ಸೇರಿಸದೆಯೇ ಪಾಲು ಸಮನಾಯಿತು. ಏರುವಾಗಲೂ ಇಳಿಯುವಾಗಲೂ ಒಂದೇ ಬಗೆಯ ಲೆಕ್ಕ ಬಳಸಿದರೆ ಈ ಫಲ ಸಿಗದು.

ರಾಮಕೃಷ್ಣನ್ ಮತ್ತು ಜೈನ್ ಅವರ ಇನ್ನೊಂದು ಪ್ರಬಂಧ 1988ರಲ್ಲಿ, ಜೇಕಬ್‌ಸನ್ ಪ್ರಬಂಧ ಮಂಡನೆಯಾದ ಸಮ್ಮೇಳನದಲ್ಲೇ ಮಂಡನೆಯಾಯಿತು. ಪೊಟ್ಟಣ ಕಳೆದುಹೋಗುವವರೆಗೆ ಕಾಯುವುದೇಕೆ ಎಂಬುದು ಅವರ ಪ್ರಶ್ನೆ. ಸರದಿ ಬೆಳೆಯತೊಡಗಿದಾಗಲೇ ರೂಟರ್ ಪೊಟ್ಟಣದ ಮೇಲೆ ಒಂದು ಗುರುತು ಹಾಕಲಿ. ತಲುಪಿದವರು ಆ ಗುರುತನ್ನು ಸ್ವೀಕೃತಿಯಲ್ಲಿ ನಕಲಿಸಿ ವಾಪಸು ಕಳುಹಿಸಲಿ. ಬಂದ ಸ್ವೀಕೃತಿಗಳಲ್ಲಿ ಅರ್ಧದಷ್ಟಾದರೂ ಗುರುತು ಹೊತ್ತಿದ್ದರೆ ಕಳುಹಿಸುವವರು ವೇಗವನ್ನು ಎಂಟರಲ್ಲಿ ಏಳು ಭಾಗಕ್ಕೆ ತಗ್ಗಿಸಲಿ. ‘ಡೆಕ್‌ಬಿಟ್’ ಎಂದು ಹೆಸರಾದ ಈ ವಿಚಾರ, ರಾಮಕೃಷ್ಣನ್ ಅವರು ಸ್ಯಾಲಿ ಫ್ಲಾಯ್ಡ್ ಮೊದಲಾದವರೊಂದಿಗೆ ನಡೆಸಿದ ಕೆಲಸದಿಂದ 2001ರಲ್ಲಿ ಅಂತರಜಾಲದ ನಿಯಮಾವಳಿಗೆ ಸೇರಿತು. ಅದಕ್ಕೆ ಬೇಕಾದದ್ದು ಪೊಟ್ಟಣದ ತಲೆಬರಹದಲ್ಲಿ ಎರಡು ಬಿಟ್‌ಗಳ ಜಾಗ ಮಾತ್ರ.

ಗಾಳಿಯಲ್ಲಿ ಕಳೆದ ಪೊಟ್ಟಣ

ಅಷ್ಟರಲ್ಲಿ ಭಾರತದಲ್ಲೂ ಜಾಲ ಹುಟ್ಟಿತ್ತು. ಕೇಂದ್ರ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಆರಂಭಿಸಿದ ‘ಅರ್ನೆಟ್’ ಯೋಜನೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಐದು ಐಐಟಿಗಳೂ ಪಾಲುದಾರರಾಗಿದ್ದವು. ಸಾರ್ವಜನಿಕರಿಗೆ ವಿದೇಶ ಸಂಚಾರ ನಿಗಮ ಅಂತರಜಾಲದ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು. ಮೊದಲು ಮಹಾನಗರಗಳಿಗೆ, ಆಮೇಲೆ ಬೆಂಗಳೂರಿನಂಥ ಊರುಗಳಿಗೆ.

ವಿಜ್ಞಾನ ಸಂಸ್ಥೆಯಲ್ಲಿ ಅರ್ನೆಟ್ ಕೆಲಸದ ಹೊಣೆ ಹೊತ್ತಿದ್ದವರು ಪ್ರೊ. ಅನುರಾಗ್ ಕುಮಾರ್. 2014ರಿಂದ 2020ರವರೆಗೆ ಸಂಸ್ಥೆಯ ನಿರ್ದೇಶಕರೂ ಆಗಿದ್ದ ಅವರು 1998ರ ಒಂದು ಪ್ರಬಂಧದಲ್ಲಿ ಎತ್ತಿಕೊಂಡದ್ದು ಇಂದು ಮೊಬೈಲ್ ಬಳಸುವ ಎಲ್ಲರಿಗೂ ಸಂಬಂಧಪಟ್ಟ ಪ್ರಶ್ನೆಯನ್ನು. ತಂತಿಯಲ್ಲಿ ಪೊಟ್ಟಣ ಕಳೆದರೆ ದಟ್ಟಣೆಯೇ ಕಾರಣ ಎನ್ನಬಹುದು. ನಿಸ್ತಂತು ಮಾರ್ಗದಲ್ಲಿ ಹಾಗಲ್ಲ. ಸಂಕೇತ ಕ್ಷೀಣವಾಗಿಯೂ ಪೊಟ್ಟಣ ಹಾಳಾಗಬಹುದು. ದಾರಿ ಖಾಲಿಯಿದ್ದರೂ ಗಣಕ ಮಾತ್ರ ದಟ್ಟಣೆಯೆಂದು ತಪ್ಪು ತಿಳಿದು ವೇಗವನ್ನು ಅರ್ಧಕ್ಕಿಳಿಸುತ್ತದೆ. ಇಂಥ ಮಾರ್ಗದಲ್ಲಿ ಟಿಸಿಪಿಯ ಬೇರೆ ಬೇರೆ ಆವೃತ್ತಿಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಅವರು ಗಣಿತದಿಂದ ಹೋಲಿಸಿದರು. ಹಾಳಾದ ಪೊಟ್ಟಣವನ್ನು ನಿಸ್ತಂತು ಮಾರ್ಗದಲ್ಲೇ ಮತ್ತೆ ಕಳುಹಿಸಿ ಸರಿಪಡಿಸುವ ವ್ಯವಸ್ಥೆ ಇಂದಿನ ಮೊಬೈಲ್ ಜಾಲಗಳಲ್ಲಿ ಇದೆ.

ತೊಟ್ಟಿ ದೊಡ್ಡದಾದರೆ

ಇನ್ನೊಂದು ತೊಂದರೆ ಒಳ್ಳೆಯ ಉದ್ದೇಶದಿಂದಲೇ ಬಂತು. ಮೆಮೊರಿ ಚಿಪ್ಪುಗಳು ಅಗ್ಗವಾದಂತೆ ತಯಾರಕರು ರೂಟರುಗಳಲ್ಲಿ ಸರದಿಯ ಜಾಗವನ್ನು ಹಿಗ್ಗಿಸಿದರು. ಪೊಟ್ಟಣ ಬಿಸುಡುವುದಕ್ಕಿಂತ ಕೂಡಿಡುವುದು ಮೇಲಲ್ಲವೇ? ಆದರೆ ಕೊಳಾಯಿಯ ಬಾಯಿ ಸಣ್ಣದಿದ್ದಾಗ ತೊಟ್ಟಿ ದೊಡ್ಡದು ಮಾಡಿದರೆ ನೀರು ಬೇಗ ಬರುವುದಿಲ್ಲ. ತೊಟ್ಟಿ ತುಂಬಿ ತುಳುಕಿದ ಮೇಲಷ್ಟೇ ಪೊಟ್ಟಣ ಕಳೆಯುತ್ತದೆ, ಅಲ್ಲಿಯವರೆಗೆ ಕಳುಹಿಸುವ ಗಣಕಕ್ಕೆ ಸುಳಿವೇ ಸಿಗದು. ಅಷ್ಟರಲ್ಲಿ ಪ್ರತಿ ಪೊಟ್ಟಣವೂ ಉದ್ದ ಸರದಿಯಲ್ಲಿ ಕೊಳೆಯುತ್ತಿರುತ್ತದೆ. ಒಂದು ಕೋಣೆಯಲ್ಲಿ ಯಾರೋ ದೊಡ್ಡ ಕಡತ ಕಳುಹಿಸುತ್ತಿದ್ದರೆ ಇನ್ನೊಂದು ಕೋಣೆಯಲ್ಲಿ ವಿಡಿಯೋ ಕರೆಯ ಮಾತು ತಡವರಿಸುವುದಕ್ಕೆ ಇದೂ ಒಂದು ಕಾರಣ. ಅಮೆರಿಕದ ಜಿಮ್ ಗೆಟಿಸ್ 2010ರ ಸುಮಾರಿಗೆ ತಮ್ಮ ಮನೆಯ ಸಂಪರ್ಕದಲ್ಲೇ ಇದನ್ನು ಕಂಡು ಎಲ್ಲರ ಗಮನಕ್ಕೆ ತಂದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಜೇಕಬ್‌ಸನ್, ಸರದಿಯ ಉದ್ದಕ್ಕೆ ಬದಲಾಗಿ ಪೊಟ್ಟಣ ಎಷ್ಟು ಹೊತ್ತು ಕಾಯಿತೆಂಬುದನ್ನು ನೋಡಿ ಬಿಸುಡುವ ಕ್ರಮವೊಂದನ್ನು ಸೂಚಿಸಿದರು.

ಕಾನೂನಿಲ್ಲದ ಕಟ್ಟುಪಾಡು

ಈ ಇಡೀ ವ್ಯವಸ್ಥೆ ನಿಂತಿರುವುದು ಸ್ವಯಂ ಸಂಯಮದ ಮೇಲೆ. ನಿಯಮಗಳು ಲಿಖಿತವಾಗಿವೆಯಾದರೂ ಮುರಿದವರನ್ನು ಹಿಡಿಯುವ ಠಾಣೆಯಿಲ್ಲ. ವೇಗ ತಗ್ಗಿಸದ ಗಣಕಕ್ಕೆ ಲಾಭವೇ ಹೆಚ್ಚು, ಅದು ಉಳಿದವರು ಬಿಟ್ಟ ಜಾಗವನ್ನೂ ನುಂಗಬಹುದು. ಮೇಲಾಗಿ ಲೆಕ್ಕದ ನ್ಯಾಯ ಸಂಪರ್ಕಕ್ಕೆ ಹೊರತು ಮನುಷ್ಯನಿಗಲ್ಲ. ಒಬ್ಬರು ಒಂದೇ ಸಂಪರ್ಕ ತೆರೆದು, ಇನ್ನೊಬ್ಬರು ನಾಲ್ಕು ತೆರೆದರೆ ಮೊದಲನೆಯವರಿಗೆ ಸಿಗುವುದು ಐದರಲ್ಲಿ ಒಂದು ಪಾಲು.

2016ರಲ್ಲಿ ಗೂಗಲ್ ಸಂಸ್ಥೆ ‘ಬಿಬಿಆರ್’ ಎಂಬ ಹೊಸ ಕ್ರಮವನ್ನು ಪ್ರಕಟಿಸಿತು. ಪೊಟ್ಟಣ ಕಳೆಯುವುದಕ್ಕೆ ಕಾಯದೆ ದಾರಿಯ ಅಗಲ ಮತ್ತು ಪಯಣದ ಸಮಯವನ್ನು ಅಳೆಯುತ್ತ ನಡೆಯುವುದು ಅದರ ರೀತಿ. ಜೇಕಬ್‌ಸನ್ ಅದರ ರೂವಾರಿಗಳಲ್ಲೊಬ್ಬರು. ಆದರೆ ಕೆಲವು ಸಂದರ್ಭಗಳಲ್ಲಿ ಅದರ ಮೊದಲ ಆವೃತ್ತಿ ಹಳೆಯ ಕ್ರಮದ ಗಣಕಗಳಿಗಿಂತ ಹೆಚ್ಚು ಪಾಲು ಹಿಡಿಯುತ್ತದೆಂದು ಬೇರೆ ಸಂಶೋಧಕರ ಪ್ರಯೋಗಗಳು ತೋರಿಸಿದವು. ಮುಂದಿನ ಆವೃತ್ತಿಗಳಲ್ಲಿ ಇದನ್ನು ತಿದ್ದುವ ಯತ್ನ ನಡೆಯಿತು. ಕೋಟ್ಯಂತರ ಜನರಿಗೆ ವಿಡಿಯೋ ಕಳುಹಿಸುವ ಕಂಪನಿ ತನ್ನ ಲೆಕ್ಕದಲ್ಲಿ ಸಣ್ಣ ಬದಲಾವಣೆ ಮಾಡಿದರೂ ಅದು ಉಳಿದವರ ಪಾಲಿನ ಪ್ರಶ್ನೆಯಾಗುತ್ತದೆ.

2020ರ ಮಾರ್ಚಿನಲ್ಲಿ ಕೊರೊನಾ ಕಾರಣ ದೇಶವೇ ಬಾಗಿಲು ಹಾಕಿಕೊಂಡಾಗ ಪಾಠ, ಕಚೇರಿ, ಮನರಂಜನೆ ಎಲ್ಲವೂ ಒಮ್ಮೆಲೇ ಜಾಲವನ್ನು ಅವಲಂಬಿಸಿದವು. ಆಗ ಭಾರತದ ವಿಡಿಯೋ ಸೇವೆಗಳ ಕಂಪನಿಗಳು ಮೊಬೈಲ್ ಜಾಲಗಳಲ್ಲಿ ಚಿತ್ರದ ಗುಣಮಟ್ಟವನ್ನು ಕೆಲಕಾಲ ತಗ್ಗಿಸಲು ತಾವಾಗಿ ಒಪ್ಪಿದವು. ಗಣಕಗಳು ಪ್ರತಿ ಕ್ಷಣವೂ ಮಾಡುವುದನ್ನು ಆ ದಿನಗಳಲ್ಲಿ ಮನುಷ್ಯರು ಒಟ್ಟಿಗೆ ಕುಳಿತು ಮಾಡಿದರು.

ಗೋಪಾಲಸ್ವಾಮಿಯವರ ಬಾನುಲಿಗೆ ಈ ಚಿಂತೆ ಇರಲಿಲ್ಲ. ಅಲ್ಲಿ ಒಬ್ಬರು ಕೇಳಿದರೆ ಇನ್ನೊಬ್ಬರಿಗೆ ಕಡಿಮೆಯಾಗುತ್ತಿರಲಿಲ್ಲ. ಈಗ ಯಾದವಗಿರಿಯ ಒಂದು ಮನೆಯಲ್ಲಿ ಹೊಸದಾಗಿ ಚಲನಚಿತ್ರ ಆರಂಭವಾದರೆ, ಅದೇ ದಾರಿ ಹಂಚಿಕೊಂಡಿರುವ ಪಕ್ಕದ ಮನೆಯ ಸಂಪರ್ಕ ತನ್ನ ಪಾಲಿನಲ್ಲಿ ಸ್ವಲ್ಪವನ್ನು ಸದ್ದಿಲ್ಲದೆ ಬಿಟ್ಟುಕೊಡುತ್ತದೆ. ಎರಡೂ ಮನೆಯವರಿಗೆ ಅದು ತಿಳಿಯುವುದೂ ಇಲ್ಲ.